ಹತ್ತನೆಯ ಹೆಸರು

ಜೂನ್ ಮೂವತ್ತಕ್ಕೆ ಒಂಬತ್ತು.
ಹತ್ತಕ್ಕಿಂತ ಕಡಿಮೆಯಾದರೆ ಪಕ್ಕದ ಶಾಲೆಗೆ ವಿಲೀನ ಎಂದು
ಸಿಆರ್‌ಪಿ ಸಾಹೇಬರು ಹೆಲ್ಮೆಟ್ ತೆಗೆಯದೆಯೇ ಹೇಳಿದರು.
ಪಕ್ಕ ಎಂದರೆ ಮೂರೂವರೆ ಕಿಲೋಮೀಟರು,
ನಡುವೆ ಹಳ್ಳ, ಹಳ್ಳಕ್ಕೆ ಸಂಕ,
ಸಂಕದ ಒಂದು ಮರ ಹೋದ ವರ್ಷವೇ ಕುಂಬಾಗಿದೆ.
ವಿಲೀನ. ಮೆದುವಾದ ಪದ.
ಉಪ್ಪು ನೀರಲ್ಲಿ ಆಗುವುದನ್ನು ನಾನೇ
ನಾಲ್ಕನೇ ಕ್ಲಾಸಿಗೆ ಲೋಟದಲ್ಲಿ ತೋರಿಸಿದ್ದೇನೆ.
ಉಪ್ಪು ಎಲ್ಲಿ ಹೋಯಿತು ಎಂದರೆ ಕುಡಿದು ನೋಡಿ ಎನ್ನಬಹುದು.
ಶಾಲೆ ಎಲ್ಲಿ ಹೋಯಿತು ಎಂದರೆ?

ಮನೆಮನೆಗೆ ಹೋದೆ.
ಎಸ್‌ಡಿಎಂಸಿ ಅಧ್ಯಕ್ಷರ ಜಗಲಿಯಲ್ಲಿ ಚಾ ಕುಡಿಯುವಾಗ
ಅವರ ಮೊಮ್ಮಗ ಟೈ ಕಟ್ಟಿಸಿಕೊಳ್ಳುತ್ತಿದ್ದ.
ಗೇಟಿನಾಚೆ ಆನಂದಪುರದ ಹಳದಿ ವ್ಯಾನು, ಹಾರನ್ನು.
"ಶಾಲೆ ಉಳೀಬೇಕು ಮೇಡಂ, ನಮ್ಮಜ್ಜ ಕೊಟ್ಟ ಜಾಗ" ಎಂದರು
ಹುಡುಗನ ಬ್ಯಾಗು ಎತ್ತಿಕೊಡುತ್ತಾ.
ನಾನೇನು ಹೇಳಲಿ. ನನ್ನ ಮಗಳೂ
ಸಾಗರದಲ್ಲಿ ಅಂಥದೇ ವ್ಯಾನು ಹತ್ತುತ್ತಾಳೆ.
ಚಾ ಬಿಸಿಯಿತ್ತು. ಊದಿ ಕುಡಿದೆ.

ಹತ್ತನೆಯ ಹೆಸರು ಸಿಕ್ಕಿದ್ದು ಶುಂಠಿ ಗದ್ದೆಯಲ್ಲಿ.
ನೀಲಿ ಟಾರ್ಪಾಲಿನ ಕೆಳಗೆ
ತಮ್ಮನನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು
ಸುಗನಿ ಟೋಪ್ನೊ. ಖೂಂಟಿ ಜಿಲ್ಲೆ, ಜಾರ್ಖಂಡ್.
ವಯಸ್ಸು? ಅವಳಪ್ಪ ಅಂಗೈಯನ್ನು ಅವಳ ನೆತ್ತಿಯ ಮೇಲಿಟ್ಟು
ಇಷ್ಟು ಎಂದ. ಎಂಟು ಎಂದು ಬರೆದುಕೊಂಡೆ.
ಆಧಾರ್ ಇಲ್ಲ, ಟಿಸಿ ಇಲ್ಲ,
ಕಂಪ್ಯೂಟರು ಮೂರು ಸಲ ಅವಳನ್ನು ಒಪ್ಪಲಿಲ್ಲ.
ನಾಲ್ಕನೇ ಸಲ ಗುಡ್ಡ ಹತ್ತಿ
ಮೊಬೈಲನ್ನು ಆರತಿಯ ಹಾಗೆ ಎತ್ತಿ ಹಿಡಿದಾಗ
ಹಸಿರು ಗೆರೆ ಬಂತು.
ಹತ್ತು.

ಅವಳಿಗೆ ಕನ್ನಡ ಬರದು, ನನಗೆ ಮುಂಡಾರಿ ಬರದು,
ಹಿಂದಿಯಲ್ಲಿ ಇಬ್ಬರೂ ಸಮನಾಗಿ ಫೇಲು.
ಹುಣಸೆ ಬೀಜ ಇಟ್ಟು ಒಂದು ಎಂದೆ.
ಮಿಯದ್, ಎಂದಳು.
ಎರಡು. ಬರಿಯಾ.
ಮೂರು. ಆಪಿಯಾ.
ಇಡೀ ಶಾಲೆ ನಕ್ಕಿತು, ಇಡೀ ಅಂದರೆ ಒಂಬತ್ತು ಮಂದಿ.
ಅವಳು ಬೀಜಗಳನ್ನೆಲ್ಲ ತನ್ನ ಕಡೆ ಬಾಚಿಕೊಂಡಳು,
ಆಟ ಗೆದ್ದವರ ಹಾಗೆ.

ಶಿವಮೊಗ್ಗದ ತರಬೇತಿಯಲ್ಲಿ ಎರಡು ದಿನ ಚರ್ಚೆ:
ಒಂದನೇ ಕ್ಲಾಸಿನಿಂದ ಇಂಗ್ಲಿಷೋ, ಮಾತೃಭಾಷೆಯೋ.
ಮಾತೃಭಾಷೆ ಎಂದು ಕೆಲವರು ಮೇಜು ಗುದ್ದಿದರು.
ಯಾರ ಮಾತೃ ಎಂದು ಕೇಳಲು ಕೈ ಎತ್ತಿದೆ.
ಊಟಕ್ಕೆ ಬೆಲ್ಲಾಯಿತು.

ಮೊಟ್ಟೆಯ ದಿನ ಅವಳು ಅರ್ಧ ತಿಂದು
ಅರ್ಧವನ್ನು ಲಂಗದ ತುದಿಯಲ್ಲಿ ಗಂಟು ಕಟ್ಟುತ್ತಿದ್ದಳು.
ಮೊಟ್ಟೆ ಕೊಡಬೇಕೋ ಬಾಳೆಹಣ್ಣೋ ಎಂಬ ವಾದ
ಅವಳ ತಮ್ಮನವರೆಗೆ ಬಂದಿರಲಿಲ್ಲ.
ನನ್ನ ಲೆಕ್ಕದ ಪುಸ್ತಕದಲ್ಲಿ ಅರ್ಧಕ್ಕೆ ಕಾಲಂ ಇಲ್ಲ.
ನವೆಂಬರಿನಲ್ಲಿ ಅವಳ ಮೊದಲ ಪೂರ್ತಿ ವಾಕ್ಯ ಬಂತು, ದೂರಾಗಿ:
"ಮೇಡಂ, ತೀರ್ಥೇಶ ನನ್ನ ಕಡ್ಡಿ ಕದ್ದ."
ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸರಿಯಾಗಿದ್ದವು.
ಕದ್ದವನನ್ನು ಬೈಯುವುದು ಮರೆತೇಹೋಯಿತು.

ಜನವರಿಯಲ್ಲಿ ಶುಂಠಿ ಕಿತ್ತಾಯಿತು.
ಸೋಮವಾರ ಹೋಗಿ ನೋಡಿದರೆ
ಟಾರ್ಪಾಲಿದ್ದಲ್ಲಿ ಬಿಳಿಚಿದ ಚೌಕ, ಒಲೆಯ ಮೂರು ಕಲ್ಲು.
ಎಚ್.ಡಿ. ಕೋಟೆ ಕಡೆಗೆ ಎಂದರು ಯಾರೋ, ಯಾರೋ ಊರಿಗೆ ಎಂದರು.
ಟಿಸಿ ಕೇಳಲು ಯಾರೂ ಬರಲಿಲ್ಲ.

ಈಗ ಬೆಳಿಗ್ಗೆ ಮೊಬೈಲು ಒಬ್ಬೊಬ್ಬರ ಮುಖ ಕೇಳುತ್ತದೆ.
ಮೊದಲಾಗಿದ್ದರೆ ಪೆನ್ನಿನಲ್ಲಿ ಒಂದು 'ಹಾ' ಎಳೆದುಬಿಡುತ್ತಿದ್ದೆನೇನೋ.
ಎಳೆದಿದ್ದೇನೆ ಕೂಡ, ಬೇರೆ ವರ್ಷ, ಬೇರೆ ಹೆಸರಿಗೆ.
ಹತ್ತನೆಯವಳ ಸರದಿಗೆ ಕ್ಯಾಮೆರಾ
ಅವಳು ಕೂರುತ್ತಿದ್ದ ಗೋಡೆಯನ್ನು,
ಗೋಡೆಯ ಮೇಲೆ ನಾನೇ ಬರೆದ ಭಾರತದ ನಕ್ಷೆಯನ್ನು ದಿಟ್ಟಿಸಿ
ಮುಖ ಪತ್ತೆಯಾಗಲಿಲ್ಲ ಎನ್ನುತ್ತದೆ.

ಸಿಆರ್‌ಪಿ ಫೋನು ಮಾಡಿದ್ದರು. ಮತ್ತೆ ಮಾಡುತ್ತಾರಂತೆ.

ಬಿಡುವಿನಲ್ಲಿ ಕಣ್ಣಾಮುಚ್ಚಾಲೆ.
ಧ್ವಜದ ಕಂಬಕ್ಕೆ ಹಣೆಯೊತ್ತಿ ತೀರ್ಥೇಶ ಎಣಿಸುತ್ತಾನೆ:
ಮಿಯದ್, ಬರಿಯಾ, ಆಪಿಯಾ, ಉಪುನಿಯಾ...
ಐದಕ್ಕೆ ಏನೆಂದು ಮರೆತಿದೆ ಅವನಿಗೆ,
ಮತ್ತೆ ಮಿಯದ್‌ನಿಂದ ಶುರು ಮಾಡುತ್ತಾನೆ.
ಅಡುಗೆಕೋಣೆಯ ಹಿಂದಿನಿಂದ ಒಬ್ಬಳು
ಇನ್ನೂ ಮುಗಿಯಲಿಲ್ಲವಾ ಎಂದು ಇಣುಕುತ್ತಾಳೆ.